ಗೆರೆಯಾಚೆಯ ಪಾಲು

ತಳ ಹತ್ತಿದ ಹಾಲಿನ ವಾಸನೆ ಬಹಳ ಜನಕ್ಕೆ ಹಿಡಿಸುವುದಿಲ್ಲ. ಮುಖ ಸಿಂಡರಿಸಿ ಕಿಟಕಿ ತೆಗೆಯುತ್ತಾರೆ. ದೊಡ್ಡಕ್ಕನಿಗೆ ಮಾತ್ರ ಆ ವಾಸನೆ ಯಾರ ಮನೆಯಿಂದ ತೇಲಿಬಂದರೂ ಕಾಲು ಒಂದು ಗಳಿಗೆ ನಿಂತುಬಿಡುತ್ತಿತ್ತು.

ಅವಳ ಅಮ್ಮನಿಗೆ ಹಾಲನ್ನು ಒಲೆಯ ಮೇಲಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲುವ ಅಭ್ಯಾಸ. ಮಾತು ಮುಗಿಯುವ ಹೊತ್ತಿಗೆ ಹಾಲು ಉಕ್ಕಿ, ತಗ್ಗಿ, ತಳ ಹಿಡಿದು ಮನೆಯೆಲ್ಲ ಘಮ್ಮೆಂದಿರುತ್ತಿತ್ತು. ಅಮ್ಮ ತನ್ನನ್ನೇ ಬೈದುಕೊಳ್ಳುತ್ತ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಕಂದು ಪದರದ ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿ, ಪಾತ್ರೆಯನ್ನು ಇಬ್ಬರು ಹೆಣ್ಣುಮಕ್ಕಳ ನಡುವೆ ಕುಕ್ಕುತ್ತಿದ್ದಳು. ಇದ್ದದ್ದು ಒಂದೇ ಚಮಚ. ತಂಗಿ ಪುಟ್ಟಿ ಮೊದಲು ಆ ಚಮಚದ ತುದಿಯಿಂದ ಪಾತ್ರೆಯ ತಳಕ್ಕೆ ನಡುವೆ ಒಂದು ಗೆರೆ ಎಳೆಯುವಳು. ಈ ಕಡೆ ನಿಂದು, ಆ ಕಡೆ ನಂದು. ಗೆರೆ ಎಳೆದು ಕಣ್ಣು ಆಚೆ ತಿರುಗಿಸುವುದೇ ತಡ, ಅಕ್ಕ ತನ್ನ ಕಡೆಯದನ್ನು ಸದ್ದಿಲ್ಲದೆ ಕೆರೆದು ಗೆರೆಯಾಚೆ ತಳ್ಳುತ್ತಿದ್ದಳು. ಪುಟ್ಟಿ ತನ್ನ ಪಾಲು ಯಾಕೆ ಮುಗಿಯುವುದೇ ಇಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ತಿಂದು, ಅಕ್ಕನ ಮೆತ್ತನೆಯ ತೋಳಿಗೆ ಬಾಯಿ ಒರೆಸಿ, ಅದೇ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು.

ಆ ತೋಳು ಕಾಲಕ್ರಮದಲ್ಲಿ ಇನ್ನಷ್ಟು ಮೆತ್ತಗಾಯಿತು. ದೊಡ್ಡಕ್ಕ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅಡುಗೆಯವಳು. ಡ್ರೈವರು, ಕಂಡಕ್ಟರು, ಗ್ಯಾರೇಜಿನವರು, ಎಲ್ಲರಿಗೂ ಅವಳು ದೊಡ್ಡಕ್ಕನೇ. ಹೆಸರು ವಯಸ್ಸಿಗೆ ಬಂತೋ ಗಾತ್ರಕ್ಕೆ ಬಂತೋ ಎಂದು ಯಾರಾದರೂ ಹೊಸಬರು ಕೇಳಿದರೆ, "ಎರಡಕ್ಕೂ ಸೇರಿಸಿ ಕೊಟ್ಟಿದಾರೆ, ಒಂದೇ ಟಿಕೆಟ್ಟು" ಎಂದು ತಾನೇ ನಗುತ್ತಿದ್ದಳು. ಅವಳು ತಟ್ಟೆ ಹಾಕಿಕೊಂಡು ಕೂತು ಉಂಡದ್ದನ್ನು ಕ್ಯಾಂಟೀನಿನಲ್ಲಿ ಯಾರೂ ನೋಡಿರಲಿಲ್ಲ. ನೋಡುತ್ತಿದ್ದದ್ದು ಅವಳು ರುಚಿ ನೋಡುವುದನ್ನು. ಸೌಟಿನಿಂದ ಎಡಗೈಯ ಕುಳಿಗೆ ಒಂದಿಷ್ಟು ಸೂಪು ಬಗ್ಗಿಸಿಕೊಂಡು ಸುರ್ ಎಂದು ಹೀರಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಉಪ್ಪು ಹಾಕಿ, ಮತ್ತೆ ಬಗ್ಗಿಸಿಕೊಳ್ಳುವಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಅಂಗೈ ಒಣಗುತ್ತಿರಲಿಲ್ಲ.

ಅವಳ ಕ್ಯಾಂಟೀನಿನ ಮೇಜುಗಳ ಮೇಲೆ ಉಪ್ಪಿನ ಡಬ್ಬಿ ಇರುತ್ತಿರಲಿಲ್ಲ. ಅದು ಅವಳದೇ ಕಾನೂನು. "ಊಟಕ್ಕೆ ಕೂತವರು ಉಪ್ಪು ಕೇಳಿದ ದಿನ ನಾನು ಸೌಟು ಕೆಳಗಿಡ್ತೀನಿ" ಎಂದು ಹೇಳಿಕೊಂಡು ಬಂದಿದ್ದಳು. ಹಾಗೆ ಕೇಳಬೇಕಾದ ಸಂದರ್ಭವೂ ಬಂದಿರಲಿಲ್ಲ.

ಪುಟ್ಟಿ ಹೊಲಿಗೆಯವಳು. ಮದುವೆ ಇಬ್ಬರಿಗೂ ಕೂಡಿಬರಲಿಲ್ಲ. ಅದನ್ನು ಇಬ್ಬರೂ ಬಹಳ ಹಚ್ಚಿಕೊಳ್ಳಲೂ ಇಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಕಿಟಕಿಯ ಬಳಿ ಮೆಷಿನ್ನು, ಅದರ ಪಕ್ಕ ಊಟದ ಮೇಜು, ಗೋಡೆಯ ಮೊಳೆಗಳಿಗೆಲ್ಲ ಯಾರ್ಯಾರದೋ ಅರ್ಧ ಮುಗಿದ ಅಂಗಿಗಳು. ಒಂದು ದಿನ ಪುಟ್ಟಿಯ ಪಾದ ಊದಿಕೊಂಡು ಮೆಷಿನ್ನಿನ ಪೆಡಲಿನ ಮೇಲೆ ನಿಲ್ಲದಾಯಿತು. ಮುಖ ಊದಿತು. ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಸೋತಿವೆ ಎಂದರು. ಆಮೇಲೆ ದಿನ ಬಿಟ್ಟು ದಿನ ಡಯಾಲಿಸಿಸ್. ಉಪ್ಪು ಬೇಡ, ಹಾಲು ಬೇಡ, ನೀರು ಕೂಡ ಅಳೆದು ಕುಡಿಯಬೇಕು. ಅಕ್ಕನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಕಿಡ್ನಿ ತಂಗಿಗೆ ಚೆನ್ನಾಗಿ ಹೊಂದುತ್ತೆ. ಆದರೆ ಈ ತೂಕದಲ್ಲಿ ನಾನು ತೆಗೆಯಲ್ಲ. ಸಕ್ಕರೆ ಬೇರೆ ಅಂಚಿನಲ್ಲಿದೆ. ಉಳಿದ ಒಂದು ಕಿಡ್ನಿಗೆ ಅಷ್ಟೂ ಭಾರ ಹೊರಿಸಿದರೆ ಮುಂದೆ ನೀವೂ ಇಲ್ಲೇ ಬಂದು ಮಲಗಬೇಕಾಗುತ್ತೆ. ಇಳಿಸಿಕೊಂಡು ಬನ್ನಿ. ನಿಧಾನವಾಗಿ, ಸರಿಯಾದ ದಾರಿಯಲ್ಲಿ."

ಹೊರಗೆ ಬಂದ ಮೇಲೆ ಪುಟ್ಟಿ ನಕ್ಕಳು. "ಸರಿ ಬಿಡು. ನೀನು ಮೊದಲು ಇಳಿ, ಆಮೇಲೆ ನೋಡೋಣ."

ದೊಡ್ಡಕ್ಕ ಆ ನಗುವನ್ನು ಒಪ್ಪಿಗೆ ಎಂದುಕೊಂಡಳು.

ಊಟದ ವಿಷಯ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಇದ್ದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ತಟ್ಟೆಯ ಅರ್ಧ ತರಕಾರಿ ಇರಲಿ, ಅನ್ನ ಬ್ರೆಡ್ಡು ಕಡಿಮೆ ಮಾಡಿ, ಬೇಳೆ ಮೊಟ್ಟೆ ಬಿಡಬೇಡಿ, ಉಪವಾಸ ಮಾತ್ರ ಮಾಡಬೇಡಿ ಎಂದೆಲ್ಲ ಹೇಳಿ, "ಮಧ್ಯೆ ಏನಾದ್ರೂ ತಿಂತೀರಾ?" ಎಂದು ಕೇಳಿದರು.

"ಇಲ್ಲಮ್ಮ. ರುಚಿ ನೋಡ್ತೀನಿ, ಅಷ್ಟೇ."

"ಎಷ್ಟು ಸಲ?"

"ಉಸಿರು ಎಷ್ಟು ಸಲ ಆಡ್ತೀಯಾ ಅಂತ ಕೇಳಿದ ಹಾಗಾಯ್ತು" ಎಂದಳು ದೊಡ್ಡಕ್ಕ.

ಮೇಡಂ ನಗಲಿಲ್ಲ. ಒಂದು ಲೋಟ ನೀರು, ಒಂದು ಚಮಚ, ಒಂದು ಖಾಲಿ ಬಟ್ಟಲು ಮುಂದಿಟ್ಟು, "ಒಂದು ಬೆಳಗ್ಗೆ ಹೇಗೆ ನೋಡ್ತೀರೋ ಹಾಗೆ ತೋರಿಸಿ, ಕುಡಿಯೋ ಬದಲು ಬಟ್ಟಲಿಗೆ ಹಾಕಿ" ಎಂದರು. ದೊಡ್ಡಕ್ಕ ಸೂಪಿನ ಸರದಿ, ಬೇಳೆಯ ಸರದಿ, ತರಕಾರಿಯ ಸರದಿ ಎಂದು ಅಂಗೈಗೆ ಬಗ್ಗಿಸಿಕೊಂಡು ಬಟ್ಟಲಿಗೆ ಸುರಿಯುತ್ತ ಹೋದಳು. ಲೋಟಕ್ಕೆ ಮತ್ತೆ ಮತ್ತೆ ನೀರು ತುಂಬಬೇಕಾಯಿತು. ಮಧ್ಯಾಹ್ನಕ್ಕೆ ಬರುವ ಮೊದಲೇ ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು. ಮೇಡಂ ತಮ್ಮ ಕರವಸ್ತ್ರದಿಂದಲೇ ಮೇಜು ಒರೆಸಿ, ಅವಳ ಒದ್ದೆ ಅಂಗೈಯನ್ನೂ ಒರೆಸಿದರು. ಅಷ್ಟು ಮೆಲ್ಲಗೆ ತನ್ನ ಕೈ ಒರೆಸಿದವರು ಈಚೆಗೆ ಯಾರೂ ಇಲ್ಲ ಎಂದು ದೊಡ್ಡಕ್ಕನಿಗೆ ಅನ್ನಿಸಿತು.

ಅಂದಿನಿಂದ ಅಂಗೈ ನಿಂತಿತು. ಚಮಚದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬಿಡುವುದು, ಅಷ್ಟೇ.

ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ಡಿಪೋದ ಅಂಗಳ ಸುತ್ತುವುದು ಶುರುವಾಯಿತು. ಮೊದಲ ದಿನ ಡೀಸೆಲ್ ಟ್ಯಾಂಕಿನ ತನಕ ಹೋಗಿ, ಅದನ್ನು ಹಿಡಿದುಕೊಂಡು ನಿಂತಳು. ಎದೆ ಡವಗುಟ್ಟುತ್ತಿತ್ತು. ದಪ್ಪ ಮೀಸೆಯ ಹಿರಿಯ ಡ್ರೈವರೊಬ್ಬನಿದ್ದ. ಡಿಪೋದಲ್ಲಿ ಎಲ್ಲರಿಗೂ ಅವನು ಬರೀ ಮೀಸೆ. ಅವನು ಬಸ್ಸಿನ ಕಿಟಕಿಯಿಂದ ತಲೆ ಹಾಕಿದ.

"ಏನ್ ದೊಡ್ಡಕ್ಕ, ಬ್ರೇಕ್‌ಡೌನಾ? ಟೋ ಮಾಡ್ಲಾ?"

"ನಿನ್ನ ಮೀಸೆಗೆ ಕಟ್ಕೊಂಡು ಎಳೀತೀಯೇನೋ? ಹೋಗೋ ಸುಮ್ನೆ."

ಮರುದಿನ ಅವಳು ಕತ್ತಲಲ್ಲಿ ಹೆಜ್ಜೆ ಹಾಕುವಾಗ ಹಿಂದಿನಿಂದ ಬೆಳಕು ಬಿತ್ತು. ಮೀಸೆ ಬಸ್ಸನ್ನು ಆಮೆಯ ಹಾಗೆ ಅವಳ ಹಿಂದೆ ತರುತ್ತಿದ್ದ. ಅಂಗಳದ ಗುಂಡಿಗಳೆಲ್ಲ ಆ ಬೆಳಕಿನಲ್ಲಿ ಕಾಣುತ್ತಿದ್ದವು. ಇದೇನು ಎಂದು ಕೇಳಿದರೆ, "ಬ್ರೇಕು ಪರೀಕ್ಷೆ ಮಾಡ್ತಿದೀನಿ" ಎಂದ. ಆ ಬಸ್ಸಿನ ಬ್ರೇಕು ಆಮೇಲೆ ದಿನಾ ಪರೀಕ್ಷೆಯಾಯಿತು.

ಮನೆಯಲ್ಲಿ ಎರಡು ಥರದ ಅಡುಗೆ ಯಾಕೆಂದು ದೊಡ್ಡಕ್ಕ ಪುಟ್ಟಿಯ ಸಪ್ಪೆ ಊಟವನ್ನೇ ತಾನೂ ಉಣ್ಣತೊಡಗಿದಳು. ಮೊದಮೊದಲು ಗಂಟಲಲ್ಲಿ ಇಳಿಯಲೊಲ್ಲದು. ಒದ್ದೆ ಹತ್ತಿ ಅಗಿದ ಹಾಗೆ.

"ಮುಖ ನೋಡು" ಎಂದು ಪುಟ್ಟಿ ಛೇಡಿಸಿದಳು. "ಹೊಸದಾಗಿ ಜೈಲಿಗೆ ಬಂದವರು ಹೀಗೇ. ಸ್ವಲ್ಪ ದಿನ ತಡಿ, ಎಲೆಕೋಸಿಗೂ ತನ್ನದೇ ಒಂದು ರುಚಿ ಇದೆ ಅಂತ ಗೊತ್ತಾಗುತ್ತೆ."

ಗೊತ್ತಾಯಿತು. ಕೋಸು ಸಿಹಿ, ಮೊಟ್ಟೆಯ ಹಳದಿಯಲ್ಲೂ ಏನೋ ಒಂದು ಉಪ್ಪು, ಬ್ರೆಡ್ಡು ಅಗಿದಷ್ಟೂ ರುಚಿ. ಆದರೂ ಊಟದ ಹೊತ್ತಿನಲ್ಲಿ ಏನೋ ಇಲ್ಲ ಅನ್ನಿಸುತ್ತಿತ್ತು. ಮೇಜಿನ ಆ ತುದಿಯಲ್ಲಿ ಪುಟ್ಟಿ, ಅಳೆದು ಹಾಕಿಕೊಂಡ ತಟ್ಟೆ. ಈ ತುದಿಯಲ್ಲಿ ತಾನು, ಇನ್ನೊಂದು ತಟ್ಟೆ. ಪುಟ್ಟಿಯ ಎದುರು ನೀರು ಕುಡಿಯಲು ಮನಸ್ಸಾಗದೆ ದೊಡ್ಡಕ್ಕ ಬಚ್ಚಲಿಗೆ ಹೋಗಿ ಕುಡಿದು ಬರುತ್ತಿದ್ದಳು. ಕೆಲವು ಸಲ ಆ ಬಚ್ಚಲ ಗೋಡೆಗೆ ಒರಗಿ, ಒಂದು ಪಾತ್ರೆ, ಒಂದು ಚಮಚ, ತೋಳಿಗೆ ಒರೆಸಿಕೊಂಡ ಅಂಟು ಬಾಯಿ, ಇಷ್ಟನ್ನೇ ನೆನೆಯುತ್ತ ನಿಲ್ಲುವಳು. ಹಸಿವು ಅಂದುಕೊಂಡದ್ದು ಹಸಿವಾಗಿರುತ್ತಿರಲಿಲ್ಲ.

ತೂಕ ಇಳಿಯತೊಡಗಿತು. ಮೊದಲು ಮುಖ, ಆಮೇಲೆ ಸೊಂಟ. ಅಂಗಿಗಳು ಜೋತುಬಿದ್ದವು. ಪುಟ್ಟಿ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಕ್ಕನ ಸುತ್ತ ಸುತ್ತಿ ಎರಡೂ ಪಕ್ಕ ಹಿಡಿದು ಹೊಲಿದಳು. ಸ್ವಲ್ಪ ಕಾಲ ಕಳೆದು ಮತ್ತೆ ಹಿಡಿದಳು. ಹೆಚ್ಚಾದ ಬಟ್ಟೆಯನ್ನೆಲ್ಲ ಒಳಗೇ ಮಡಿಸಿ ಬಿಟ್ಟಳು.

"ಸೊಂಟದ ಹತ್ರ ಒತ್ತುತ್ತೆ ಕಣೆ. ಕತ್ತರಿಸಿ ಬಿಸಾಕು."

"ಇರಲಿ ಬಿಡು. ಬಟ್ಟೆ ಯಾಕೆ ಹಾಳು ಮಾಡೋದು."

"ಮತ್ತೆ ಊದ್ಕೋತೀನಿ ಅಂತ ಲೆಕ್ಕ ಹಾಕಿದೀಯಾ?"

ಪುಟ್ಟಿ ಬಾಯಿಂದ ಇನ್ನೊಂದು ಸೂಜಿ ತೆಗೆದು ಮಡಿಕೆಗೆ ಚುಚ್ಚಿದಳು. ಈಚೆಗೆ ಅವಳ ಮಾತು ಕಡಿಮೆಯಾಗಿತ್ತು. ಡಯಾಲಿಸಿಸ್ಸಿನ ಸುಸ್ತು ಎಂದುಕೊಂಡಳು ದೊಡ್ಡಕ್ಕ.

ಕ್ಯಾಂಟೀನಿನಲ್ಲೂ ಒಂದು ಬದಲಾವಣೆ ಅವಳ ಕಣ್ಣಿಗೆ ಬಿದ್ದಿತ್ತು. ಊಟಕ್ಕೆ ಕೂತವರೆಲ್ಲ ಮೊದಲ ತುತ್ತಿಗೆ ಮುಂಚೆ ತಲೆ ತಗ್ಗಿಸಿ, ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಇಡೀ ದಿನ ಬೈಗುಳದಲ್ಲೇ ಗಾಡಿ ಓಡಿಸುವ ಜನ.

"ಇದ್ಯಾವಾಗಿಂದ ಬಂತೋ ಭಕ್ತಿ?" ಎಂದು ಕೇಳಿದಳು.

ಗಿಣಿ ಎಂದು ಹೆಸರಾದ ವಾಚಾಳಿ ಕಂಡಕ್ಟರಮ್ಮ ತಟ್ಟನೆ, "ರಸ್ತೆ ತುಂಬ ಗುಂಡಿ ದೊಡ್ಡಕ್ಕ, ದೇವರನ್ನ ನೆನೀದೆ ಆಗುತ್ತಾ" ಎಂದಳು. ಎಲ್ಲರೂ ಜೋರಾಗಿ ಕೆಮ್ಮಿದರು.

ಕೊನೆಗೆ ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಡಾಕ್ಟರು ಹೇಳಿದ ಜಾಗಕ್ಕೆ ಬಂದು ನಿಂತಿತು. ಸಕ್ಕರೆಯೂ ಇಳಿದಿತ್ತು. ಡಾಕ್ಟರು ಕಡತ ಮುಚ್ಚಿ, "ಇನ್ನು ನನ್ನ ಕಡೆಯಿಂದ ಅಡ್ಡಿ ಇಲ್ಲ. ಇಬ್ಬರೂ ಕೂತು ಮಾತಾಡಿ ಬನ್ನಿ, ದಿನ ಗೊತ್ತು ಮಾಡೋಣ" ಎಂದರು. ದೊಡ್ಡಕ್ಕನಿಗೆ ಅಲ್ಲೇ ಕುರ್ಚಿಯ ಮೇಲೆ ಕುಣಿಯಬೇಕೆನ್ನಿಸಿತು. ತಿರುಗಿ ನೋಡಿದರೆ ಪುಟ್ಟಿಯ ಮುಖದಲ್ಲಿ ರಕ್ತವಿರಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ ಪುಟ್ಟಿ ಹೊರಗೆ ನೋಡುತ್ತಲೇ ಹೇಳಿದಳು. "ಅಕ್ಕ, ನಂಗೆ ಬೇಡ."

"ಏನು ಬೇಡ?"

"ನಿನ್ನ ಕಿಡ್ನಿ. ನೀನು ಇಳಿಯಲ್ಲ ಅಂತ ನಂಬ್ಕೊಂಡೇ ಅವತ್ತು ಹೂಂ ಅಂದಿದ್ದೆ. ನಿನ್ನಿಂದ ಆಗಲ್ಲ, ನನಗೂ ಬೇಡ ಅಂತ ಹೇಳೋ ಕಷ್ಟ ತಪ್ಪುತ್ತೆ ಅಂದ್ಕೊಂಡಿದ್ದೆ."

ದೊಡ್ಡಕ್ಕ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು.

"ಪಕ್ಕ ಹಿಡಿದು ಹೊಲಿಯುವಾಗೆಲ್ಲ ನಂಗೆ ಏನನ್ನಿಸ್ತಿತ್ತು ಗೊತ್ತಾ?" ಪುಟ್ಟಿ ಈಗ ಇತ್ತ ತಿರುಗಿದಳು. "ನೀನೇ ಸ್ವಲ್ಪ ಸ್ವಲ್ಪ ಕಡಿಮೆಯಾಗ್ತಾ ಇದೀಯ ಅನ್ನಿಸ್ತಿತ್ತು. ಆ ತೋಳು ನೋಡು, ಎಲ್ಲಿ ತಲೆ ಇಡ್ಲಿ ಅದರ ಮೇಲೆ? ಇಷ್ಟು ಸಾಲದು ಅಂತ ಒಳಗಿಂದ ಇನ್ನೊಂದು ತುಂಡು ತೆಗೆಸ್ಕೊಡ್ತೀಯಾ? ನಾಳೆ ನಿಂಗೇನಾದ್ರೂ ಆದ್ರೆ? ಪಾತ್ರೆಯಲ್ಲಿ ಗೆರೆ ದಾಟಿ ನನ್ನ ಕಡೆ ತಳ್ತಿದ್ದೆಯಲ್ಲ, ನಂಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ತಿಂದೆ. ಇನ್ನು ತಳ್ಳಬೇಡ. ಸಾಕು."

ಗೊತ್ತಿತ್ತು ಎಂಬ ಒಂದು ಮಾತು ದೊಡ್ಡಕ್ಕನ ಒಳಗೆ ಎಲ್ಲೋ ಬಿದ್ದು ಮುಳುಗಿಹೋಯಿತು. ಇಳಿಯುವ ಸ್ಟಾಪು ಬಂದರೂ ಅವಳಿಗೆ ಏಳಲು ತೋಚಲಿಲ್ಲ. ಪುಟ್ಟಿಯೇ ಕೈ ಹಿಡಿದು ಎಬ್ಬಿಸಿದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದೊಡ್ಡಕ್ಕ ಒತ್ತಾಯ ಮಾಡಲಿಲ್ಲ. ತನ್ನ ಪಾಲನ್ನು ಎಂದೂ ಕೇಳಿ ಕೊಟ್ಟವಳಲ್ಲ. ಕೇಳಿ ಕೊಡುವುದು ಹೇಗೆಂದೇ ಅವಳಿಗೆ ತಿಳಿಯದು. ಬೆಳಗ್ಗೆ ಅಂಗಳ ಸುತ್ತುವುದನ್ನು ಬಿಡಲಿಲ್ಲ. ಯಾಕೆ ಸುತ್ತುತ್ತಿದ್ದೇನೆ ಎಂದು ಮಾತ್ರ ಕಾಲಿಗೆ ತಿಳಿಯುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಾಲು ತಳ ಹತ್ತಿತು. ಅವಳ ಕೈಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ, ಒಲೆ ಆರಿಸಿ, ಕಣ್ಣು ಮಂಜಾಗಿ, ಏನಾದರೊಂದು ಕೆಲಸ ಬೇಕೆಂದು ಬಟ್ಟೆ ತೆಗೆದುಕೊಂಡು ಮೇಜು ಒರೆಸಲು ಹೊರಗೆ ಬಂದಳು. ಊಟದ ಹೊತ್ತು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಖಾಲಿಯಿದ್ದ ಒಂದು ಮೇಜಿನ ಮೇಲೆ ಬಟ್ಟೆ ಎಳೆದರೆ ಅಂಗೈಗೆ ಮರಳಿನ ಹಾಗೆ ಏನೋ ತಾಗಿತು. ನಾಲಿಗೆಗೆ ಮುಟ್ಟಿಸಿದಳು. ಉಪ್ಪು.

ಪಕ್ಕದ ಮೇಜಿನಲ್ಲಿ ಗಿಣಿಯ ಕೈ ಮೇಜಿನ ಕೆಳಗಿತ್ತು. ದೊಡ್ಡಕ್ಕ ಬಗ್ಗಿ ಆ ಕೈಯನ್ನು ಹಿಡಿದು ಮೇಲೆತ್ತಿದಳು. ಹಳೆಯ ಟಿಕೆಟ್ಟು ಸುತ್ತಿ ಮಾಡಿದ ಪುಟ್ಟ ಪೊಟ್ಟಣ, ಅದರ ತುಂಬ ಉಪ್ಪು. ಸುತ್ತ ನೋಡಿದರೆ ಮೀಸೆಯ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ. ಅವನು ಸಿಗರೇಟು ಸೇದುವವನೇ ಅಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?"

ಗಿಣಿ ಪೊಟ್ಟಣವನ್ನು ಮುಷ್ಟಿಯಲ್ಲಿ ಅಡಗಿಸಿದಳು. ಮೀಸೆ ತಟ್ಟೆ ಸರಿಸಿದ.

"ನೀವು ಮನೆಯಲ್ಲಿ ಸಪ್ಪೆ ತಿನ್ನೋಕೆ ಶುರು ಮಾಡಿದಾಗಿಂದ ದೊಡ್ಡಕ್ಕ. ನಿಮ್ಮ ನಾಲಿಗೆಗೆ ಸರಿಯಾಗಿದ್ದದ್ದು ನಮಗೆ ಸಪ್ಪೆ."

"ಹೇಳೋಕೇನಾಗಿತ್ತು? ಬಾಯಿ ಬಿದ್ದುಹೋಗಿತ್ತಾ?"

"ಹೇಳಿದ್ರೆ ನೀವು ಮತ್ತೆ ಅಂಗೈಗೆ ಬಗ್ಗಿಸ್ಕೋತಿದ್ರಿ" ಎಂದ ಮೀಸೆ. "ಉಪ್ಪೇನು, ಜೇಬಲ್ಲೂ ಇಟ್ಕೊಳ್ಳಬಹುದು. ಪುಟ್ಟಿಯ ಆಪರೇಷನ್ ನಿಂತುಹೋದ್ರೆ?"

ದೊಡ್ಡಕ್ಕ ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. "ಅವಳಿಗೆ ಬೇಡವಂತೆ" ಎಂದಳು.

ಹೊರಗೆ ಯಾವುದೋ ಬಸ್ಸು ರಿವರ್ಸ್ ತೆಗೆಯುತ್ತಿತ್ತು. ಅದು ನಿಂತ ಮೇಲೆ ಮೀಸೆ ನಿಧಾನವಾಗಿ ಹೇಳಿದ.

"ನಮಗೂ ಬೇಡವಾಗಿತ್ತು ದೊಡ್ಡಕ್ಕ, ಆ ಸಪ್ಪೆ ಸೂಪು. ಕೊಟ್ಟವರು ನೀವು ಅಂತ ತಿಂದ್ವಿ."

ಆ ಸಂಜೆ ಅವಳು ಮನೆಗೆ ಬಂದಾಗ ಪುಟ್ಟಿ ಮೆಷಿನ್ನಿನ ಮುಂದಿದ್ದಳು. ದೊಡ್ಡಕ್ಕ ಚಪ್ಪಲಿ ಬಿಟ್ಟು, ನಡುವಿನ ಮೌನ ಮರೆತವಳ ಹಾಗೆ ಹೇಳತೊಡಗಿದಳು. ತಲೆ ತಗ್ಗಿಸಿ ಕೂರುತ್ತಿದ್ದ ಭಕ್ತರ ಕಥೆ, ಗುಂಡಿಗಳ ದೇವರು, ಟಿಕೆಟ್ಟಿನ ಪೊಟ್ಟಣ, ಮೀಸೆಯ ಬೆಂಕಿಪೊಟ್ಟಣ. ಪುಟ್ಟಿಗೆ ಮೊದಲು ತುಟಿ ಬಿರಿಯಿತು, ಆಮೇಲೆ ತಡೆಯದೆ ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಎಷ್ಟೋ ಕಾಲದಿಂದ ಆ ಕೋಣೆಗಳು ಅಂಥ ನಗು ಕೇಳಿರಲಿಲ್ಲ.

"ಅಂದ್ರೆ ಇಡೀ ಡಿಪೋ ನನ್ನ ಪಥ್ಯ ಉಂಡಿದೆ ಅನ್ನು."

"ಉಂಡಿದೆ. ತಟ್ಟೆ ಒಂದೂ ಮಿಕ್ಕಿಸಿಲ್ಲ, ನಾನೇ ತೊಳೆಸಿದೀನಲ್ಲ." ದೊಡ್ಡಕ್ಕ ಕುರ್ಚಿ ಎಳೆದು ಕೂತಳು. "ಇನ್ನೊಂದು ಮಾತು ಹೇಳಿದ ಮೀಸೆ." ಅದನ್ನೂ ಹೇಳಿದಳು. ಅದಕ್ಕೆ ತನ್ನದೇನನ್ನೂ ಸೇರಿಸಲಿಲ್ಲ.

ಪುಟ್ಟಿಯ ನಗು ಮೆಲ್ಲಗೆ ಇಳಿಯಿತು. ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಅದನ್ನು ಅರ್ಧ ಸುತ್ತು ತಿರುಗಿಸಿದಳು. ದೊಡ್ಡಕ್ಕ ಬಾಯಾರಿಕೆಯಾಗಿ ಎಂದಿನಂತೆ ಬಚ್ಚಲಿಗೆ ಹೋಗಲು ಎದ್ದಳು.

"ಇಲ್ಲೇ ಕುಡಿ ಅಕ್ಕ" ಎಂದಳು ಪುಟ್ಟಿ. "ಅದೂ ಗೊತ್ತು ನಂಗೆ."

ದೊಡ್ಡಕ್ಕ ಮೇಜಿನ ಬಳಿ ನಿಂತೇ ಕುಡಿದಳು. ಸುಸ್ತಾಗಿತ್ತು, ಒಳಕೋಣೆಗೆ ಹೋಗಿ ಮಂಚದ ಮೇಲೆ ಅಡ್ಡಾದಳು. ಕಣ್ಣು ಮುಚ್ಚಿದ್ದಳೇ ಹೊರತು ನಿದ್ದೆ ಇರಲಿಲ್ಲ. ಹೊರಗಿನಿಂದ ಕತ್ತರಿಯ ಸದ್ದು ಬಂತು. ದೊಡ್ಡ ಕತ್ತರಿ, ಉದ್ದನೆಯ ಬಟ್ಟೆಯನ್ನು ನಿಲ್ಲಿಸದೆ ಕತ್ತರಿಸುವಾಗ ಬರುವ ಸದ್ದು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಅಲುಗಿದವು. ಕಾಯಿಲೆ ಬಂದ ಮೇಲೆ ಪುಟ್ಟಿ ಒಲೆಯ ಹತ್ತಿರ ಹೋದವಳಲ್ಲ. ಏಳಲೇ, ಬೇಡವೇ ಎಂದು ದೊಡ್ಡಕ್ಕ ಮಲಗಿದಲ್ಲೇ ಹೊಯ್ದಾಡಿದಳು. ಬೇಡ ಎಂದು ಹೊರಳಿದಳು.

ಕತ್ತಲು ಕವಿಯುವ ಹೊತ್ತಿಗೆ ಎದ್ದು ಹೊರಗೆ ಬಂದರೆ, ಕ್ಯಾಂಟೀನಿಗೆ ಹಾಕಿಕೊಂಡು ಹೋಗುವ ಅವಳ ಅಂಗಿಗಳೆಲ್ಲ ಮೆಷಿನ್ನಿನ ಮೇಲೆ ತಿರುವುಮುರುವಾಗಿ ಬಿದ್ದಿದ್ದವು. ಕೆಳಗೆ ನೆಲದ ತುಂಬ, ಅಕ್ಕ ಮತ್ತೆ ಮೊದಲಿನಂತಾಗಲಿ ಎಂದು ಒಳಗೆ ಮಡಿಸಿಟ್ಟಿದ್ದ ಬಟ್ಟೆಯ ಪಟ್ಟಿಗಳು, ಒಂದರ ಮೇಲೊಂದು, ಬಣ್ಣ ಮಾಸದೆ ಹೊಸದರ ಹಾಗೇ ಇದ್ದವು. ಒಂದು ಅಂಗಿಯನ್ನೂ ಬಿಟ್ಟಿರಲಿಲ್ಲ. ದೊಡ್ಡಕ್ಕ ಬಗ್ಗಿ ಒಂದು ಪಟ್ಟಿಯನ್ನು ಎತ್ತಿಕೊಂಡು, ಬೆರಳಿಗೆ ಸುತ್ತುತ್ತ ನಿಂತಳು.

ಪುಟ್ಟಿ ಅಡುಗೆಮನೆಯಿಂದ ಬಂದಳು. ಬೇಯಿಸಿದ ಕೋಸು, ಮೊಟ್ಟೆ, ಎರಡು ಹೋಳು ಬ್ರೆಡ್ಡು. ಚಮಚ ಒಂದೇ. ತಟ್ಟೆಯ ಅಂಚಿನಲ್ಲಿ ಎಲ್ಲಿಂದಲೋ ಹುಡುಕಿದ ಹಳೆಯ ಬಸ್ ಟಿಕೆಟ್ಟಿನಲ್ಲಿ ಸುತ್ತಿದ ಚಿಟಿಕೆ ಉಪ್ಪು, ಅಕ್ಕನಿಗೆ ಬೇಕಾದರೆ ಇರಲಿ ಎಂದು. ಇಬ್ಬರಿಗೂ ಸೇರಿ ಒಂದೇ ತಟ್ಟೆ. ಅವಳು ಅದನ್ನು ಅಕ್ಕನ ಎರಡೂ ಕೈಗಳಲ್ಲಿಟ್ಟು, ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ತಟ್ಟೆಯ ನಡುವೆ ಗೆರೆ ಇರಲಿಲ್ಲ.